ಬಿಎಸ್ಸಿ ಜೀವವಿಜ್ಞಾನ: ಮೂರು ವರ್ಷಕ್ಕೆ ಕಲಿಕೆಯ ಗುರಿ ಬರೆದುಕೊಳ್ಳುವ ಬಗೆ

ಮೊದಲ ಸೆಮಿಸ್ಟರಿನ ಮೊದಲ ತರಗತಿಯಲ್ಲಿ ನಾನು ಪಾಠ ಮಾಡುವುದಿಲ್ಲ. ಎಲ್ಲರಿಗೂ ಅರ್ಧ ಹಾಳೆ ಕೊಟ್ಟು, ‘ಇವತ್ತು ನಿಮ್ಮಿಂದ ಆಗದ, ಮೂರು ವರ್ಷದ ನಂತರ ಆಗಲೇಬೇಕಾದ ಒಂದು ಕೆಲಸ ಬರೆಯಿರಿ’ ಎನ್ನುತ್ತೇನೆ. ವಾಪಸು ಬರುವ ಹಾಳೆಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ‘ಜೀವಶಾಸ್ತ್ರವನ್ನು ಆಳವಾಗಿ ತಿಳಿದುಕೊಳ್ಳಬೇಕು’, ‘ಒಳ್ಳೆಯ ಅಂಕ ಪಡೆಯಬೇಕು’, ‘ಎಂಎಸ್ಸಿ ಸೀಟು ಸಿಗಬೇಕು’. ಕೆಲವರು ಏನನ್ನೂ ಬರೆಯುವುದಿಲ್ಲ; ನೀಟ್‌ನಲ್ಲಿ ಸೀಟು ಕೈತಪ್ಪಿ ಇಲ್ಲಿಗೆ ಬಂದ ಬೇಸರ ಇನ್ನೂ ಆರಿರುವುದಿಲ್ಲ. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನಿಂದ ಬೇರೆ ಥರದ ಹಾಳೆ ಬಂತು. ತೀರ್ಥಹಳ್ಳಿ ಕಡೆಯ ಹುಡುಗ, ಮನೆಯಲ್ಲಿ ಸಣ್ಣ ಅಡಿಕೆ ತೋಟ. ‘ಮದ್ದು ಹೊಡೆದರೂ ಕೊಳೆ ಏಕೆ ಬರುತ್ತದೆ ಎಂದು ಅಪ್ಪನಿಗೆ ಬಿಡಿಸಿ ಹೇಳಬೇಕು’ ಎಂದು ಬರೆದಿದ್ದ.

ಏನು ಮಾಡಬೇಕು, ಯಾರ ಮುಂದೆ ಮಾಡಬೇಕು, ಆಯಿತೋ ಇಲ್ಲವೋ ಎಂದು ಹೇಗೆ ಗೊತ್ತಾಗಬೇಕು, ಮೂರೂ ಆ ಸಾಲಿನಲ್ಲಿದ್ದವು. ನಾನು ಓದುವಾಗ ನನ್ನ ಮುಂದೆ ಅಂಥದ್ದೊಂದು ಸಾಲು ಇರಲಿಲ್ಲ. ಅದಕ್ಕಾಗಿ ಈಗಲೂ ಕೊಂಚ ಹೊಟ್ಟೆಕಿಚ್ಚಾಗುತ್ತದೆ. ಅಂಥ ಸಾಲುಗಳನ್ನು ಬರೆದುಕೊಳ್ಳುವುದು ಹೇಗೆಂದು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ಆ ಹುಡುಗ ಬರೆದ, ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗವೇ ಉದ್ದಕ್ಕೂ ಉದಾಹರಣೆ.

ಮೊದಲ ಹೆಜ್ಜೆ: ಪಠ್ಯಕ್ರಮ ತೆರೆಯಿರಿ, ಕ್ರಿಯಾಪದ ಬದಲಿಸಿ

ನಿಮ್ಮ ವಿಶ್ವವಿದ್ಯಾಲಯದ ಜಾಲತಾಣದಿಂದ ಆರೂ ಸೆಮಿಸ್ಟರಿನ ಪಠ್ಯಕ್ರಮ ಇಳಿಸಿಕೊಳ್ಳಿ. ಕರ್ನಾಟಕದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಬಂದು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಹಳೆಯ ಮತ್ತು ಹೊಸ ಪಠ್ಯಕ್ರಮಗಳೆರಡೂ ಅಲ್ಲಿ ಬಿದ್ದಿರುತ್ತವೆ. ನಿಮ್ಮ ಪ್ರವೇಶದ ವರ್ಷಕ್ಕೆ ಸೇರಿದ್ದನ್ನೇ ತೆಗೆದುಕೊಳ್ಳಿ. ಸೀನಿಯರ್ ಕಳುಹಿಸಿದ ಪಿಡಿಎಫ್ ನಂಬಿ ಅರ್ಧ ಸೆಮಿಸ್ಟರ್ ಬೇರೆಯದನ್ನೇ ಓದಿದವರನ್ನು ಕಂಡಿದ್ದೇನೆ.

ಪ್ರತಿ ಪತ್ರಿಕೆಯ ಆರಂಭದಲ್ಲಿ ‘ಕಲಿಕಾ ಫಲಿತಾಂಶಗಳು’ ಎಂದು ನಾಲ್ಕೈದು ಸಾಲು ಇರುತ್ತವೆ. ವಿದ್ಯಾರ್ಥಿಗಳು ಅದನ್ನು ಓದುವುದಿಲ್ಲ. ನಾವು ಅಧ್ಯಾಪಕರೂ ತಪಾಸಣಾ ಸಮಿತಿ ಬರುವ ಹಿಂದಿನ ವಾರವಷ್ಟೇ ಓದುತ್ತೇವೆ ಎಂಬುದನ್ನು ಮುಚ್ಚಿಡುವುದೇಕೆ. ಆ ಸಾಲುಗಳಲ್ಲಿ ‘ತಿಳಿಯುವುದು’, ‘ಅರಿಯುವುದು’, ‘ಪರಿಚಯವಾಗುವುದು’ ಎಂಬ ಮಾತುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ತಿಳಿದಿದ್ದು ತಲೆಯೊಳಗೆ ಇರುತ್ತದೆ, ಹೊರಗಿನವರಿಗಿರಲಿ, ಎಷ್ಟೋ ಸಲ ನಮಗೇ ಕಾಣುವುದಿಲ್ಲ. ಅದರ ಜಾಗದಲ್ಲಿ ಕಣ್ಣಿಗೆ ಕಾಣುವ ಕ್ರಿಯಾಪದ ಹಾಕಿ: ಬಿಡಿಸಿ ತೋರಿಸುತ್ತೇನೆ, ಎಣಿಸುತ್ತೇನೆ, ಗುರುತಿಸುತ್ತೇನೆ, ಹೋಲಿಸುತ್ತೇನೆ, ಲೆಕ್ಕ ಹಾಕುತ್ತೇನೆ, ತಪ್ಪು ಹುಡುಕುತ್ತೇನೆ, ಯೋಜಿಸುತ್ತೇನೆ.

ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಕಲಿಕೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದರು. 2001ರಲ್ಲಿ ಅದನ್ನು ಪರಿಷ್ಕರಿಸಿ ನೆನಪಿಡು, ಅರ್ಥಮಾಡಿಕೊ, ಬಳಸು, ವಿಶ್ಲೇಷಿಸು, ತೂಗಿ ನೋಡು, ಹೊಸತು ಕಟ್ಟು ಎಂಬ ಕ್ರಿಯಾಪದಗಳ ರೂಪಕ್ಕೆ ತರಲಾಯಿತು. ಬಿಎಡ್ ಓದಿದವರಿಗೆ ಇದು ಸವೆದುಹೋದ ಮಾತು. ನಮ್ಮ ಹುಡುಗನ ಪ್ರಶ್ನೆಗೆ ಹೊಂದಿಸಿದರೆ ಅದಕ್ಕೆ ಜೀವ ಬರುತ್ತದೆ. ಕೊಳೆರೋಗ ತರುವ ಜೀವಿಯ ಹೆಸರು ಫೈಟಾಫ್ತೊರಾ ಮೀಡಿಯೈ ಎನ್ನುವುದು ನೆನಪು. ಅದು ಮಳೆಗಾಲದಲ್ಲೇ ಏಕೆ ಹಬ್ಬುತ್ತದೆ ಎಂದು ಹೇಳುವುದು ಅರ್ಥ. ಇನ್ನೂರು ಲೀಟರ್ ಡ್ರಮ್ಮಿಗೆ ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಶೇ. 1ರ ಬೋರ್ಡೋ ದ್ರಾವಣ ಕಲಸುವುದು ಬಳಕೆ. ಪಕ್ಕದ ತೋಟಕ್ಕೆ ಬಾರದ ಕೊಳೆ ನಮ್ಮ ತೋಟಕ್ಕೆ ಏಕೆ ಬಂತೆಂದು ಕಾರಣಗಳನ್ನು ಬಿಡಿಸುವುದು ವಿಶ್ಲೇಷಣೆ. ಅಂಗಡಿಯವನು ಕೊಟ್ಟ ಹೊಸ ಔಷಧದ ಕರಪತ್ರ ಓದಿ ನಂಬಬಹುದೇ ಎಂದು ತೀರ್ಮಾನಿಸುವುದು ತೂಗಿ ನೋಡುವುದು. ಮುಂದಿನ ಮಳೆಗಾಲಕ್ಕೆ ಇಪ್ಪತ್ತು ಮರಗಳ ಮೇಲೆ ಒಂದು ಪ್ರಯೋಗ ಯೋಜಿಸುವುದು ಆರನೆಯ ಮೆಟ್ಟಿಲು. ನಮ್ಮ ಎರಡು ಅಂಕದ ಪ್ರಶ್ನೆಗಳು ಎರಡನೆಯ ಮೆಟ್ಟಿಲ ಆಚೆ ಹೋಗುವುದು ಅಪರೂಪ. ಮೇಲಿನ ನಾಲ್ಕನ್ನು ನೀವೇ ಬರೆದುಕೊಳ್ಳದಿದ್ದರೆ ಯಾರೂ ಕೇಳುವುದಿಲ್ಲ.

ಒಂದು ಪತ್ರಿಕೆಗೆ ಮೂರು ಗುರಿ ಸಾಕು. ಹದಿನೈದು ಬರೆದವರು ಹದಿನೈದನ್ನೂ ಮರೆಯುತ್ತಾರೆ.

ಎರಡನೆಯ ಹೆಜ್ಜೆ: ಊರಿನ ಒಂದು ಪ್ರಶ್ನೆ, ಐದು ಬಾಗಿಲು

ಮೂರು ವರ್ಷದಲ್ಲಿ ನೀವು ಓದುವ ಘಟಕಗಳು ನೂರರ ಹತ್ತಿರ ಬರುತ್ತವೆ. ಸಸ್ಯಶಾಸ್ತ್ರದವರು ಪಾಚಿಯಿಂದ ಶುರುಮಾಡಿದರೆ ಪ್ರಾಣಿಶಾಸ್ತ್ರದವರು ಅಮೀಬಾದಿಂದ ಶುರುಮಾಡುತ್ತಾರೆ, ರಸಾಯನಶಾಸ್ತ್ರದವರು ಯಾರ ಗೊಡವೆಗೂ ಬರುವುದಿಲ್ಲ. ಇವನ್ನೆಲ್ಲ ಪೋಣಿಸಲು ದಾರ ಬೇಕು. 2011ರಲ್ಲಿ ಅಮೆರಿಕದಲ್ಲಿ ಪದವಿ ಮಟ್ಟದ ಜೀವಶಾಸ್ತ್ರ ಬೋಧನೆಯ ಬಗ್ಗೆ ‘ವಿಷನ್ ಅಂಡ್ ಚೇಂಜ್’ ಎಂಬ ವರದಿ ಬಂತು. ಪದವಿ ಮುಗಿಸಿದವರ ಕೈಯಲ್ಲಿ ಉಳಿಯಬೇಕಾದ ತಿರುಳನ್ನು ಅದು ಐದೇ ಐದು ವಿಚಾರಗಳಿಗೆ ಇಳಿಸಿತು: ವಿಕಾಸ, ರಚನೆ ಮತ್ತು ಕಾರ್ಯ, ಮಾಹಿತಿಯ ಹರಿವು, ಶಕ್ತಿ ಮತ್ತು ವಸ್ತುವಿನ ರೂಪಾಂತರ, ವ್ಯವಸ್ಥೆ. ಆ ದೇಶದ ಕಾಲೇಜುಗಳ ಅನುಕೂಲ ನಮಗಿಲ್ಲ ನಿಜ. ಆದರೆ ಈ ಐದಕ್ಕೆ ದುಡ್ಡು ಬೇಕಿಲ್ಲ. ಊರಿನ ಒಂದು ಪ್ರಶ್ನೆ ಹಿಡಿದು ಐದೂ ಬಾಗಿಲಿನಿಂದ ಒಳಗೆ ಹೋಗಿ ನೋಡಿ.

ಕೊಳೆರೋಗವನ್ನೇ ನೋಡೋಣ. ಮುಂಗಾರು ಹಿಡಿದು ಎರಡು ಮೂರು ವಾರಕ್ಕೆ ಎಳೆಯ ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಪ್ಪುಹಸಿರು ಕಲೆ ಕಾಣುತ್ತದೆ. ಕಲೆ ಹರಡಿ ಕಾಯಿ ಉದುರುತ್ತದೆ, ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು ಹತ್ತಿ ಅರಳಿದಂತೆ ಏಳುತ್ತದೆ. ನೋಡಿದವರೆಲ್ಲ ಶಿಲೀಂಧ್ರ ಎನ್ನುತ್ತಾರೆ. ವಿಕಾಸದ ಬಾಗಿಲಿನಿಂದ ನೋಡಿದರೆ ಅದು ಶಿಲೀಂಧ್ರವೇ ಅಲ್ಲ. ಊಮೈಸೀಟ್ ಎಂಬ ಗುಂಪಿನದು, ಕಂದು ಪಾಚಿ ಮತ್ತು ಡಯಾಟಮ್‌ಗಳ ದಾಯಾದಿ. ನಿಜವಾದ ಶಿಲೀಂಧ್ರದ ಕೋಶಭಿತ್ತಿಯ ಆಧಾರ ಕೈಟಿನ್ ಆದರೆ ಇದರದು ಮುಖ್ಯವಾಗಿ ಗ್ಲೂಕಾನ್ ಮತ್ತು ಸೆಲ್ಯುಲೋಸ್. ಇದು ಬರೀ ಹೆಸರಿನ ತಕರಾರಲ್ಲ. ಶಿಲೀಂಧ್ರಕ್ಕೆಂದು ಮಾಡಿದ ಕೆಲವು ಔಷಧಗಳು ಇದರ ಮೇಲೆ ಕೆಲಸ ಮಾಡದಿರುವುದಕ್ಕೆ ಕಾರಣ ಇಲ್ಲೇ ಇದೆ.

ರಚನೆ ಮತ್ತು ಕಾರ್ಯದ ಬಾಗಿಲು ಇನ್ನೂ ಸೊಗಸು. ಈ ಜೀವಿಯ ನಿಂಬೆಯಾಕಾರದ ಬೀಜಕಕೋಶದಿಂದ ಝೂಸ್ಪೋರ್ ಎಂಬ ಈಜುವ ಬೀಜಕಗಳು ಹೊರಬರುತ್ತವೆ. ಅವಕ್ಕೆ ಭಿತ್ತಿಯಿಲ್ಲ, ಈಜಲು ಚಾಟಿಯಂಥ ಎರಡು ಕಶಾಂಗಗಳಿವೆ. ಈಜಲು ನೀರಿನ ತೆಳು ಪದರ ಬೇಕೇ ಬೇಕು. ಮಳೆ ಬಿಡದೆ ಸುರಿದರೆ ಅಡಿಕೆ ಗೊಂಚಲಿನ, ಅಂದರೆ ಕೊನೆಯ ಮೇಲಿನ ಕಾಯಿಗಳೆಲ್ಲ ಅವಕ್ಕೆ ಕೆರೆಯಿದ್ದಂತೆ. ಮಲೆನಾಡಿನವರು ಕೊನೆಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುವುದು ಏಕೆಂದು ಈಗ ಹೊಳೆಯಿತಲ್ಲ? ಕಾಯಿಗೆ ನೀರು ತಾಗದಿದ್ದರೆ ಈಜಲು ಕೆರೆಯೇ ಇಲ್ಲ. ಪುಸ್ತಕದಲ್ಲಿ ಕಶಾಂಗದ ಚಿತ್ರ ಬಿಡಿಸಿ ನಾಲ್ಕು ಅಂಕ ಪಡೆದವರಿಗೆ ಅಜ್ಜಂದಿರ ಕೊಟ್ಟೆಯ ನೆನಪು ಬರುವುದಿಲ್ಲ. ಕೊಟ್ಟೆ ಕಟ್ಟುವವರಿಗೆ ಕಶಾಂಗ ಗೊತ್ತಿಲ್ಲ. ಅವೆರಡನ್ನೂ ಒಂದೇ ವಾಕ್ಯದಲ್ಲಿ ಹೇಳುವುದು ನಿಮ್ಮ ಗುರಿಯಾಗಲಿ.

ಉಳಿದ ಮೂರನ್ನು ಬೇಗ ಮುಗಿಸುತ್ತೇನೆ. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ಪ್ರಭೇದಗಳನ್ನು ಡಿಎನ್‌ಎ ತುಣುಕಿನ ಅನುಕ್ರಮ ಓದಿ ಬೇರ್ಪಡಿಸುವುದು ಮಾಹಿತಿಯ ಬಾಗಿಲು. ಎಲೆಯಲ್ಲಿ ತಯಾರಾದ ಸಕ್ಕರೆ ಕಾಯಿಗೆ ಹರಿದು, ಅಲ್ಲಿಂದ ರೋಗಕಾರಕದ ಎಳೆಗಳ ಪಾಲಾಗುವುದು ಶಕ್ತಿಯ ಬಾಗಿಲು. ತೋಟದ ದಟ್ಟಣೆ, ಬಸಿಗಾಲುವೆ, ಉದುರಿ ಬಿದ್ದ ಕಾಯಿಯನ್ನು ಹೆಕ್ಕದೆ ಬಿಟ್ಟ ಪಕ್ಕದ ತೋಟ, ಮರ ಹತ್ತಿ ಮದ್ದು ಹೊಡೆಯುವ, ಹೊತ್ತಿಗೆ ಸರಿಯಾಗಿ ಸಿಗದ ಕೊನೆಗೌಡ, ಇವೆಲ್ಲ ಕೂಡಿ ವ್ಯವಸ್ಥೆಯ ಬಾಗಿಲು.

ನಿಮ್ಮೂರಿನಲ್ಲಿ ಅಡಿಕೆ ಇಲ್ಲದಿದ್ದರೆ ಬೇರೆ ಪ್ರಶ್ನೆ ಇದ್ದೇ ಇರುತ್ತದೆ. ಸೊರಬದ ಕಡೆಯವರಿಗೆ 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇದೆ: ವೈರಸ್, ಉಣ್ಣೆ, ಮಂಗ, ದನ, ಕಾಡಂಚಿನ ಮನುಷ್ಯ ಎಲ್ಲರೂ ಅದರಲ್ಲಿ ಪಾತ್ರಧಾರಿಗಳು. ತುಂಗಭದ್ರಾ ಅಚ್ಚುಕಟ್ಟಿನವರಿಗೆ ಭತ್ತದ ಕಂದು ಜಿಗಿಹುಳು ಇದೆ, ಕರಾವಳಿಯವರಿಗೆ ಒಂದು ವರ್ಷ ಬಲೆ ತುಂಬಿ ಇನ್ನೊಂದು ವರ್ಷ ನಾಪತ್ತೆಯಾಗುವ ಬೂತಾಯಿ ಮೀನು ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಪಾರಿವಾಳ ಸಾಕು. ಪ್ರಶ್ನೆ ದೊಡ್ಡದಾಗಿರಬೇಕಿಲ್ಲ, ವಾರಕ್ಕೊಮ್ಮೆ ಕಣ್ಣಿಗೆ ಬೀಳುವಂತಿರಬೇಕು.

ಮೂರನೆಯ ಹೆಜ್ಜೆ: ಕೈಗೆ ಬರಬೇಕಾದ ಕೆಲಸಗಳ ಪಟ್ಟಿ

ಪ್ರಯೋಗಾಲಯದ ರೆಕಾರ್ಡನ್ನು ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಬರೆದು, ಚಿತ್ರಕ್ಕೆ ಬಣ್ಣ ತುಂಬಿ, ಸಹಿ ಹಾಕಿಸಿಕೊಂಡರೆ ಅಂಕ ಬರುತ್ತದೆ. ನಾನು ಓದಿದ ಕಾಲೇಜಿನಲ್ಲೂ ಹಾಗೇ ಇತ್ತು. ಸೂಕ್ಷ್ಮದರ್ಶಕಗಳು ಬೀರುವಿನಲ್ಲಿ ಭದ್ರವಾಗಿದ್ದವು, ಪರೀಕ್ಷೆಯ ದಿನ ಹೊರಬರುತ್ತಿದ್ದವು. ಮೂರು ವರ್ಷದ ಕೊನೆಯಲ್ಲಿ ನನಗೆ ಮೂವತ್ತು ಸ್ಲೈಡುಗಳ ಹೆಸರು ಗೊತ್ತಿತ್ತು, ಒಂದು ಸ್ಲೈಡ್ ಮಾಡಲು ಬರುತ್ತಿರಲಿಲ್ಲ. ಆದ್ದರಿಂದ ಕೈಕೆಲಸದ ಪಟ್ಟಿಯನ್ನು ಬೇರೆಯಾಗಿಯೇ ಬರೆದುಕೊಳ್ಳಿ, ಪ್ರತಿಯೊಂದರ ಮುಂದೆ ‘ಯಾರ ಸಹಾಯವೂ ಇಲ್ಲದೆ’ ಎಂದು ಸೇರಿಸಿ.

ಒಂದು ಕೆಲಸವನ್ನು ಹತ್ತಿರದಿಂದ ತೋರಿಸುತ್ತೇನೆ. ಎಲ್ಲ ಕಾಲೇಜಿನಲ್ಲೂ ಇರುವ ಈರುಳ್ಳಿ ಬೇರಿನ ಪ್ರಯೋಗ. ಗಾಜಿನ ಲೋಟಕ್ಕೆ ನೀರು ತುಂಬಿ, ಈರುಳ್ಳಿಯ ಬುಡ ನೀರಿಗೆ ತಾಗುವಂತೆ ಬಾಯಿಯ ಮೇಲೆ ಕೂರಿಸಿದರೆ ಎರಡು ಮೂರು ದಿನಕ್ಕೆ ಬೇರು ಬರುತ್ತದೆ. ಬೆಳಗ್ಗೆ ಬೇರು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರವದಲ್ಲಿ ಒಂದು ದಿನ ಇಡಬೇಕು. ಆಮೇಲೆ ವಾಚ್ ಗ್ಲಾಸಿನಲ್ಲಿ ಅಸಿಟೋಕಾರ್ಮೈನ್ ಬಣ್ಣಕ್ಕೆ ಒಂದೆರಡು ಹನಿ ಒಂದು ನಾರ್ಮಲ್ (ನಾರ್ಮಲ್ ಎಂದರೆ ಸಾಂದ್ರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಬೇರನ್ನು ಅದರಲ್ಲಿಟ್ಟು ಸ್ಪಿರಿಟ್ ದೀಪದ ಮೇಲೆ ಕುದಿಯದಂತೆ ಬೆಚ್ಚಗೆ ಮಾಡಬೇಕು. ತುದಿಯ ಎರಡು ಮಿಲಿಮೀಟರ್ ಮಾತ್ರ ಉಳಿಸಿಕೊಂಡು, ಕವರ್ ಸ್ಲಿಪ್ ಮುಚ್ಚಿ, ಮೇಲೆ ಬ್ಲಾಟಿಂಗ್ ಕಾಗದ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು.

ಒಬ್ಬಳು ವಿದ್ಯಾರ್ಥಿನಿ ಇದನ್ನು ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ಉದ್ದುದ್ದ ಖಾಲಿ ಕೋಶಗಳಷ್ಟೇ ಕಂಡವು. ಐದನೆಯ ಸಲ ಪಕ್ಕದಲ್ಲಿ ನಿಂತು ನೋಡಿದೆ. ಬಣ್ಣ ಸರಿಯಿತ್ತು, ಒತ್ತುವುದೂ ಸರಿಯಿತ್ತು. ಕತ್ತರಿಸಿದ ಬೇರಿನ ಎರಡು ತುದಿಗಳಲ್ಲಿ ಯಾವುದು ನಿಜವಾದ ತುದಿ ಎಂಬಲ್ಲಿ ತಪ್ಪಿದ್ದಳು. ಬ್ಲೇಡು ತಾಗಿದ ಕಡೆಯನ್ನು ಇಟ್ಟುಕೊಂಡು, ಕೋಶ ವಿಭಜನೆ ನಡೆಯುವ ತುದಿಯನ್ನು ಕಸಕ್ಕೆ ಹಾಕುತ್ತಿದ್ದಳು. ಬಣ್ಣ ಹಾಕಿದ ಬೇರಿನಲ್ಲಿ ತುದಿ ಉಳಿದ ಭಾಗಕ್ಕಿಂತ ಗಾಢ ಕೆಂಪಾಗಿರುತ್ತದೆ, ಏಕೆಂದರೆ ಅಲ್ಲಿನ ಕೋಶಗಳು ಚಿಕ್ಕವು, ಕೋಶಕೇಂದ್ರಗಳು ಒತ್ತೊತ್ತಾಗಿವೆ. ಅದನ್ನು ತೋರಿಸಿದ ಮೇಲೆ ಅವಳ ಸ್ಲೈಡಿನಲ್ಲಿ ವರ್ಣತಂತುಗಳು ಎರಡು ಗುಂಪಾಗಿ ಸರಿಯುತ್ತಿರುವ ಕೋಶವೇ ಸಿಕ್ಕಿತು. ಈರುಳ್ಳಿಯಲ್ಲಿ ಹದಿನಾರು ವರ್ಣತಂತುಗಳೆಂದು ಅವಳಿಗೆ ಪಿಯುಸಿಯಿಂದಲೇ ಗೊತ್ತಿತ್ತು. ಆ ದಿನ ಒಂದೊಂದಾಗಿ ಎಣಿಸಿ, ಹದಿನೈದು ಬಂದು, ಮತ್ತೆ ಎಣಿಸಿದಳು. ಮೊದಲ ನಾಲ್ಕು ಸೋತ ಸ್ಲೈಡುಗಳ ವಿವರವನ್ನೂ ರೆಕಾರ್ಡಿನಲ್ಲಿ ಬರೆಯಲು ಹೇಳಿದೆ.

ಇದೇ ಥರ ಇನ್ನು ಕೆಲವು: ಕಣ್ಣುಮಸೂರದೊಳಗೆ ಆಕ್ಯುಲರ್ ಮೈಕ್ರೋಮೀಟರ್ ಎಂಬ ಅಳತೆಗೆರೆ ಇಟ್ಟು ಕೋಶದ ಗಾತ್ರ ಅಳೆಯುವುದು. ಮೈಕ್ರೋಪಿಪೆಟ್‌ನಿಂದ ನೀರು ತೆಗೆದು ತಕ್ಕಡಿಯಲ್ಲಿ ತೂಗಿ ಅದು ಸರಿಯಿದೆಯೇ ಎಂದು ಪರೀಕ್ಷಿಸುವುದು. 1000 ಮೈಕ್ರೋಲೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ ತೂಗಬೇಕು. ಅಗಾರ್ ತಟ್ಟೆಯ ಮೇಲೆ ಬೇರೆ ಬೂಷ್ಟು ಬಾರದಂತೆ ಒಂದೇ ಸೂಕ್ಷ್ಮಜೀವಿ ಬೆಳೆಸುವುದು. ಒಂದು ಗಿಡವನ್ನು ಹಳೆಯ ದಿನಪತ್ರಿಕೆಯ ನಡುವೆ ಒಣಗಿಸಿ ಹರ್ಬೇರಿಯಂ ಹಾಳೆ ಮಾಡುವುದು. ಹರ್ಬೇರಿಯಂನಲ್ಲಿ ಗಿಡಕ್ಕಿಂತ ಚೀಟಿ ಮುಖ್ಯ: ದಿನಾಂಕ, ಸ್ಥಳ, ಎತ್ತರ, ಯಾವ ಬಗೆಯ ಜಾಗ, ಹೂವಿನ ಬಣ್ಣ. ಒಣಗಿದ ಮೇಲೆ ಬಣ್ಣ ಹೋಗುತ್ತದೆ, ಚೀಟಿಯಲ್ಲಿ ಬರೆಯದಿದ್ದರೆ ಮತ್ತೆಂದೂ ಸಿಗುವುದಿಲ್ಲ.

ಕೊಳೆರೋಗದ ಹುಡುಗ ತನ್ನ ಪಟ್ಟಿಗೆ ‘ಝೂಸ್ಪೋರ್ ಈಜುವುದನ್ನು ಕಣ್ಣಾರೆ ನೋಡಬೇಕು’ ಎಂದು ಸೇರಿಸಿಕೊಂಡಿದ್ದ. ಆಗತಾನೇ ಉದುರಿದ ಕಾಯಿಯ ಸಿಪ್ಪೆಯ ಚೂರನ್ನು ಶುದ್ಧ ನೀರಿನಲ್ಲಿ ಇಟ್ಟು, ಬೀಜಕಕೋಶಗಳು ಮೂಡಿದ ಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿ ತಂಪು ಮಾಡಿ ಹೊರಗೆ ತೆಗೆದರೆ, ಆ ತಾಪದ ಬದಲಾವಣೆಗೆ ಅವು ಬಿರಿದು ಬೀಜಕಗಳನ್ನು ಬಿಡುತ್ತವೆ. ಪ್ರಯೋಗಾಲಯದ ಫ್ರಿಜ್ ಕೆಟ್ಟಿದ್ದರಿಂದ ಕ್ಯಾಂಟೀನಿನ ಐಸ್ ತಂದು ಡಬ್ಬಿಯಲ್ಲಿ ತುಂಬಿ ಮಾಡಿದೆವು. ಎರಡು ಸಲ ಬರೀ ಬ್ಯಾಕ್ಟೀರಿಯಾ ತುಂಬಿಕೊಂಡವು. ಮೂರನೆಯ ಸಲ ಕಂಡವು.

ನಾಲ್ಕನೆಯ ಹೆಜ್ಜೆ: ಲೆಕ್ಕದಿಂದ ತಪ್ಪಿಸಿಕೊಳ್ಳಬೇಡಿ

ಗಣಿತಕ್ಕೆ ಹೆದರಿ ಜೀವಶಾಸ್ತ್ರಕ್ಕೆ ಬಂದವರಿಗೆ ಇಲ್ಲಿ ಸ್ವಲ್ಪ ಕಹಿ ಇದೆ. ಆದರೆ ಬೇಕಾದ ಲೆಕ್ಕ ಹೆಚ್ಚಿಲ್ಲ. ಮೂರು ಗುರಿ ಬರೆದುಕೊಳ್ಳಿ.

ಮೊದಲನೆಯದು ದ್ರಾವಣ ತಯಾರಿ. ಮೇಲಿನ ಪ್ರಯೋಗಕ್ಕೆ ಒಂದು ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಬೇಕಿತ್ತಲ್ಲ, ಬಾಟಲಿಯಲ್ಲಿರುವ ಗಾಢ ಆಮ್ಲ ಸುಮಾರು ಹನ್ನೆರಡು ನಾರ್ಮಲ್. ನೂರು ಮಿಲಿಲೀಟರ್ ಮಾಡಲು ನೂರನ್ನು ಹನ್ನೆರಡರಿಂದ ಭಾಗಿಸಿದರೆ 8.3 ಮಿಲಿಲೀಟರ್ ಆಮ್ಲ. ಮೊದಲು ನೀರು ತೆಗೆದುಕೊಂಡು ಅದಕ್ಕೆ ಆಮ್ಲ ಸುರಿಯಬೇಕು, ತಿರುಗಿಸಿ ಮಾಡಿದರೆ ಮುಖಕ್ಕೆ ಸಿಡಿಯುತ್ತದೆ. ಬೋರ್ಡೋ ದ್ರಾವಣದ ಲೆಕ್ಕವೂ ಇಷ್ಟೇ ಸರಳ: ಶೇ. 1ಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಲೋಹದ ಪಾತ್ರೆ ಬಳಸದೆ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಆಮೇಲೆ ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯನ್ನು ಅದ್ದಿ ತೆಗೆದರೆ, ಅಲಗಿನ ಮೇಲೆ ಕೆಂಪು ಲೇಪ ಕುಳಿತಿದ್ದರೆ ಇನ್ನಷ್ಟು ಸುಣ್ಣ ಬೇಕು. ತೋಟದವರು ತಲೆಮಾರಿನಿಂದ ಮಾಡುತ್ತ ಬಂದ ಈ ಪರೀಕ್ಷೆ ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿ ಸ್ಥಾನಪಲ್ಲಟ ಕ್ರಿಯೆ ಎಂಬ ಹೆಸರಿನಲ್ಲಿದೆ: ಕಬ್ಬಿಣ ಕರಗಿ ತಾಮ್ರ ಅಂಟುತ್ತದೆ.

ಎರಡನೆಯದು ಎಣಿಕೆ. ಈರುಳ್ಳಿ ಬೇರಿನ ತುದಿಯಲ್ಲಿ 500 ಕೋಶ ಎಣಿಸಿ, ಅದರಲ್ಲಿ 40 ವಿಭಜನೆಯಲ್ಲಿದ್ದರೆ ವಿಭಜನಾ ಸೂಚ್ಯಂಕ ಶೇ. 8. ಇಷ್ಟು ಎಣಿಸಲು ಒಂದು ಮಧ್ಯಾಹ್ನ ಬೇಕು, ಕುತ್ತಿಗೆ ನೋಯುತ್ತದೆ.

ಮೂರನೆಯದು, ಕಂಡ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂದು ಹೇಳುವುದು. ಎಣಿಸಿ ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರ ತೂಗುವ ಕೈ-ವರ್ಗ ಪರೀಕ್ಷೆಯನ್ನು ಕ್ಯಾಲ್ಕುಲೇಟರ್ ಹಿಡಿದು ಒಮ್ಮೆ ಮಾಡಿ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 5474 ದುಂಡು ಬಟಾಣಿ, 1850 ಸುಕ್ಕು ಬಟಾಣಿ, ಒಟ್ಟು 7324. ಮೂರಕ್ಕೆ ಒಂದರ ಪ್ರಕಾರ 5493 ಮತ್ತು 1831 ಬರಬೇಕಿತ್ತು. ಎರಡರಲ್ಲೂ ವ್ಯತ್ಯಾಸ 19. ಅದರ ವರ್ಗ 361. ಅದನ್ನು 5493ರಿಂದ ಭಾಗಿಸಿದರೆ 0.066, 1831ರಿಂದ ಭಾಗಿಸಿದರೆ 0.197, ಕೂಡಿದರೆ 0.263. ಆಕಸ್ಮಿಕ ಎನ್ನಬಹುದಾದ ಗಡಿ 3.84, ಇದು ಅದಕ್ಕಿಂತ ಎಷ್ಟೋ ಕೆಳಗಿದೆ. ಹಾಗಾಗಿ ಮೂರಕ್ಕೆ ಒಂದು ಎಂಬ ಊಹೆಯನ್ನು ತಳ್ಳಿಹಾಕಲು ಕಾರಣವಿಲ್ಲ. ಇದೇ ಲೆಕ್ಕದಿಂದ, ಕೊಟ್ಟೆ ಕಟ್ಟಿದ ಹತ್ತು ಮರ ಮತ್ತು ಕಟ್ಟದ ಹತ್ತು ಮರಗಳಲ್ಲಿ ಉದುರಿದ ಕಾಯಿಗಳನ್ನು ಹೋಲಿಸಬಹುದು ಎಂದು ನಮ್ಮ ಹುಡುಗ ವಾದಿಸಿದ. ಒಂದೇ ಕೊನೆಯ ಕಾಯಿಗಳು ಒಂದರಿಂದ ಒಂದಕ್ಕೆ ರೋಗ ಹತ್ತಿಸುವುದರಿಂದ ಅವನ್ನು ಬಿಡಿಬಿಡಿಯಾಗಿ ಎಣಿಸುವಂತಿಲ್ಲ, ಮರವನ್ನೇ ಒಂದು ಎಂದು ಎಣಿಸಬೇಕು ಎಂದು ಒಪ್ಪಿಸಲು ನನಗೆ ಎರಡು ತರಗತಿ ಬೇಕಾದವು. ಆ ಜಗಳವೂ ಅವನ ಗುರಿಗಳ ಪಟ್ಟಿಯಲ್ಲಿ ಒಂದು ಸಾಲಾಯಿತು.

ಐದನೆಯ ಹೆಜ್ಜೆ: ಎರಡು ಭಾಷೆಯಲ್ಲಿ ಹೇಳುವ ಗುರಿ

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವರ್ಷ ಮಂಕಾಗುವುದು ಜೀವಶಾಸ್ತ್ರ ಕಷ್ಟವಾಗಿ ಅಲ್ಲ, ಇಂಗ್ಲಿಷ್ ಪುಸ್ತಕ ಎದುರಿಗೆ ನಿಂತು. ಇದಕ್ಕೆ ನನಗೆ ಗೊತ್ತಿರುವ ಮದ್ದು ಪದಗಳನ್ನು ಒಡೆಯುವುದು. ‘ಫೈಟಾನ್’ ಎಂದರೆ ಗ್ರೀಕಿನಲ್ಲಿ ಗಿಡ, ‘ಫ್ತೊರಾ’ ಎಂದರೆ ನಾಶ. ಫೈಟಾಫ್ತೊರಾ ಎಂದರೆ ಗಿಡ ಹಾಳುಮಾಡುವುದು. ಅಷ್ಟು ಉದ್ದದ ಹೆಸರು ಒಮ್ಮೆಲೇ ಬೈಗುಳದಷ್ಟು ಸರಳವಾಗುತ್ತದೆ. ಇಂಥ ಇನ್ನೂರು ಬೇರುಪದಗಳ ಪಟ್ಟಿ ಮಾಡಿಕೊಂಡರೆ ಮೂರು ವರ್ಷಕ್ಕೆ ಸಾಲುತ್ತದೆ.

ಪ್ರತಿ ಘಟಕ ಮುಗಿದ ಮೇಲೆ ಎರಡು ಪರೀಕ್ಷೆ ಇಟ್ಟುಕೊಳ್ಳಿ. ಅದನ್ನು ಒಂದು ಪುಟ ಇಂಗ್ಲಿಷಿನಲ್ಲಿ, ಪುಸ್ತಕ ಮುಚ್ಚಿ ಬರೆಯಬೇಕು. ಅದನ್ನೇ ಕನ್ನಡದಲ್ಲಿ ಮನೆಯವರಲ್ಲಿ ಒಬ್ಬರಿಗೆ, ಒಂದೂ ಪಾರಿಭಾಷಿಕ ಪದ ಬಳಸದೆ ಹೇಳಬೇಕು. ಎರಡನೆಯದೇ ಹೆಚ್ಚು ಕಷ್ಟ. ಅಜ್ಜಿ ‘ಅದು ಹೇಗೆ?’ ಎಂದು ಕೇಳಿದಲ್ಲಿ ನಿಮ್ಮ ತಿಳಿವಳಿಕೆಯ ತೂತು ಇದೆ.

ಓದುವುದರಲ್ಲೂ ಗುರಿ ಇರಲಿ: ಎರಡನೆಯ ವರ್ಷದ ಕೊನೆಗೆ ಒಂದು ಮೂಲ ಸಂಶೋಧನಾ ಪ್ರಬಂಧವನ್ನು ಆದಿಯಿಂದ ಅಂತ್ಯದವರೆಗೆ ಓದಿ, ಅದರ ಒಂದು ನಕ್ಷೆಯನ್ನು ಸ್ನೇಹಿತರಿಗೆ ವಿವರಿಸಬೇಕು. ಸಂಶೋಧನಾ ಪ್ರಬಂಧಗಳ ಜಾಲತಾಣ ಪಬ್‌ಮೆಡ್‌ನಲ್ಲಿ ಹುಡುಕಲು ದುಡ್ಡು ಬೇಡ. ಹಳೆಯದನ್ನೂ ನೋಡಿ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ನಮ್ಮ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಆ ದ್ರಾವಣದ ಪರಿಣಾಮವನ್ನು ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ್ದು ದ್ರಾಕ್ಷಿಯ ಬೂಜುರೋಗಕ್ಕಾಗಿ. ಆ ರೋಗಕಾರಕವೂ ಊಮೈಸೀಟ್ ಗುಂಪಿನದೇ. ಫ್ರಾನ್ಸಿನ ದ್ರಾಕ್ಷಿಗೆ ಹೊಡೆದ ಮದ್ದು ಮಲೆನಾಡಿನ ಅಡಿಕೆಗೂ ನಾಟಿದ್ದು ಏಕೆಂದು ವಿಕಾಸದ ಬಾಗಿಲಿನಿಂದ ಬಂದವರು ತಕ್ಷಣ ಹೇಳಬಲ್ಲರು.

ಆರನೆಯ ಹೆಜ್ಜೆ: ವರ್ಷಕ್ಕೆ ಹಂಚಿಕೊಳ್ಳುವುದು

ಮೊದಲ ಎರಡು ಸೆಮಿಸ್ಟರ್ ಕಣ್ಣಿಗೆ ಮತ್ತು ಕೈಗೆ: ಸೂಕ್ಷ್ಮದರ್ಶಕ, ಸ್ಲೈಡ್, ಊರಿನ ಐವತ್ತು ಗಿಡಗಳನ್ನು ಕುಟುಂಬದ ಸಮೇತ ಗುರುತಿಸುವುದು, ಬೇರುಪದಗಳು. ನಡುವಿನ ಎರಡು ಸೆಮಿಸ್ಟರ್ ಲೆಕ್ಕ, ತಳಿಶಾಸ್ತ್ರ, ಜೀವರಸಾಯನಶಾಸ್ತ್ರ. ಜೊತೆಗೆ ಕಂಪ್ಯೂಟರಿನಲ್ಲಿ ಒಂದು ಪ್ರೋಟೀನಿನ ಅನುಕ್ರಮ ಹುಡುಕಿ ಹೋಲಿಸುವುದು. ಎನ್‌ಸಿಬಿಐ ಜಾಲತಾಣದಲ್ಲಿರುವ, ಅನುಕ್ರಮ ಹೋಲಿಸುವ ಸಾಧನ ಬ್ಲಾಸ್ಟ್ ಉಚಿತ; ಮನುಷ್ಯ ಮತ್ತು ಚಿಂಪಾಂಜಿಗಳ ರಕ್ತದ ಬೀಟಾ ಗ್ಲೋಬಿನ್ ಪ್ರೋಟೀನ್ ಹಾಕಿ ನೋಡಿ, ಒಂದು ಅಮೈನೋ ಆಮ್ಲವೂ ವ್ಯತ್ಯಾಸವಾಗುವುದಿಲ್ಲ. ಕೊನೆಯ ವರ್ಷ ನಿಮ್ಮ ಊರಿನ ಪ್ರಶ್ನೆಯ ಮೇಲೆ ಒಂದು ಸಣ್ಣ ಸ್ವಂತ ಯೋಜನೆ.

ದಿನಾಂಕಗಳನ್ನು ಗೋಡೆಯ ಮೇಲೆ ಬರೆಯಿರಿ. ಭಾರತೀಯ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಷಿಪ್‌ಗೆ ಅರ್ಜಿ ಕರೆಯುವುದು ಬೇಸಿಗೆಯಲ್ಲಲ್ಲ, ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಪ್ರತಿ ವರ್ಷ ಮಾರ್ಚ್‌ನಲ್ಲಿ ಯಾರಾದರೊಬ್ಬರು ಬಂದು ಅರ್ಜಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಎಂಎಸ್ಸಿಗೆ ಐಐಟಿಗಳು ನಡೆಸುವ ಜಾಮ್ ಪರೀಕ್ಷೆ ಕೊನೆಯ ವರ್ಷದ ಫೆಬ್ರುವರಿ ಹೊತ್ತಿಗೆ ಬರುತ್ತದೆ. ಅದರ ಜೈವಿಕ ತಂತ್ರಜ್ಞಾನ ಪತ್ರಿಕೆಯಲ್ಲಿ ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರದ ಪ್ರಶ್ನೆಗಳೂ ಇರುತ್ತವೆ. ಆದ್ದರಿಂದ ಪಿಯುಸಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಬಿಎಡ್ ಮಾಡಿ ಪ್ರೌಢಶಾಲೆಗೆ ಹೋಗುವವರಿದ್ದರೆ ನಿಮ್ಮ ಗುರಿಗಳಲ್ಲಿ ಒಂದು, ಎಂಟನೆಯ ತರಗತಿಯ ಒಂದು ಪಾಠವನ್ನು ಹತ್ತಿರದ ಶಾಲೆಯಲ್ಲಿ ನಿಜವಾಗಿ ಮಾಡಿ ಬರುವುದಾಗಿರಲಿ.

ಏಳನೆಯ ಹೆಜ್ಜೆ: ಸಾಕ್ಷಿ ಮತ್ತು ಅಡ್ಡಗೆರೆ

ಒಂದು ರಟ್ಟಿನ ಫೈಲ್ ಇಡಿ. ಪ್ರತಿ ಗುರಿಗೂ ಒಂದು ಸಾಕ್ಷಿ ಅದರೊಳಗೆ ಹೋಗಬೇಕು: ಸ್ಲೈಡಿನ ಚಿತ್ರ, ಎಣಿಕೆಯ ಹಾಳೆ, ಹರ್ಬೇರಿಯಂ ಚೀಟಿಯ ಪ್ರತಿ, ಅಜ್ಜಿ ಕೇಳಿದ ಪ್ರಶ್ನೆ. ಕಣ್ಣುಮಸೂರದ ಮೇಲೆ ಮೊಬೈಲ್ ಇಟ್ಟು ತೆಗೆದ ಚಿತ್ರ ಸಾಕು, ಆದರೆ ದಿನಾಂಕ ಮತ್ತು ವರ್ಧನೆ ಬರೆಯಿರಿ. ಕೊಳೆರೋಗದ ಹುಡುಗನ ಫೈಲಿನಲ್ಲಿ ಕೊನೆಗೆ ಇದ್ದದ್ದು ಮೂರು ಮಳೆಗಾಲದ ಟಿಪ್ಪಣಿ. ಅವರ ಮನೆಯಲ್ಲಿ ಮೊದಲ ಮದ್ದು ಬೀಳುತ್ತಿದ್ದದ್ದು ಮಳೆ ಹಿಡಿದ ಮೇಲೆ, ಕೊನೆಗೌಡ ಸಿಕ್ಕಾಗ. ತಾಮ್ರ ಕಾಯಿಯ ಹೊರಮೈ ಮೇಲೆ ಕಾವಲು ಕಾಯುವ ಮದ್ದು, ಒಳಗೆ ಹೊಕ್ಕ ರೋಗವನ್ನು ಅದು ಮುಟ್ಟುವುದಿಲ್ಲ. ಬೀಜಕ ಬಂದಿಳಿಯುವ ಮೊದಲೇ ಅದು ಅಲ್ಲಿರಬೇಕು. ಮಳೆಗೆ ಮುಂಚೆ ಒಮ್ಮೆ, ಮತ್ತೆ 40–45 ದಿನಕ್ಕೊಮ್ಮೆ ಎಂಬ ಶಿಫಾರಸಿನ ಹಿಂದಿನ ಕಾರಣ ಅದು. ಇದನ್ನು ಅಪ್ಪನಿಗೆ ಹೇಳಿದಾಗ ಅವರು, ‘ಅದು ನನಗೂ ಗೊತ್ತು, ಮೇ ತಿಂಗಳಲ್ಲಿ ಕೊನೆಗೌಡನನ್ನು ನೀನು ಕರೆದುಕೊಂಡು ಬಾ’ ಎಂದರಂತೆ. ವ್ಯವಸ್ಥೆಯ ಬಾಗಿಲು ಎಂದೆನಲ್ಲ, ಅದು ಹೀಗೆ ತೆರೆದುಕೊಂಡಿತು.

ತಿಂಗಳ ಕೊನೆಯ ಭಾನುವಾರ ಅರ್ಧ ಗಂಟೆ ಫೈಲ್ ತೆರೆದು ಕುಳಿತುಕೊಳ್ಳಿ. ಸಾಕ್ಷಿ ಇರುವ ಗುರಿಗೆ ಟಿಕ್ ಹಾಕಿ. ಎರಡು ಸೆಮಿಸ್ಟರ್ ಕಳೆದರೂ ಅಲುಗದ ಗುರಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆಯಿರಿ: ಉಪಕರಣ ಇಲ್ಲ, ಆಸಕ್ತಿ ಹೋಯಿತು, ಸಾಲು ತೀರಾ ದೊಡ್ಡದಾಯಿತು. ದೊಡ್ಡದಾಗಿದ್ದರೆ ಎರಡಾಗಿ ಒಡೆದು ಮತ್ತೆ ಬರೆಯಿರಿ. ನನ್ನದೂ ಅಂಥ ಒಂದು ಫೈಲ್ ಇದೆ. ‘ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಕ್ಷೆ ಬರೆಯಲು ಕಲಿಯುತ್ತೇನೆ’ ಎಂಬ ಸಾಲಿಗೆ ಮೂರು ಸಲ ಅಡ್ಡಗೆರೆ ಬಿದ್ದಿದೆ. ಈ ಸಲ ಅದನ್ನು ಒಡೆದು, ‘ಮಾರ್ಚ್ ಒಳಗೆ ಮೆಂಡೆಲ್‌ನ ಬಟಾಣಿಯ ಎರಡು ಕಂಬಗಳ ನಕ್ಷೆ’ ಎಂದಷ್ಟೇ ಬರೆದಿದ್ದೇನೆ. ಕಲಿಸಲು ಒಪ್ಪಿರುವವಳು ಈರುಳ್ಳಿ ಬೇರಿನ ಹುಡುಗಿ, ಪ್ರತಿ ಶನಿವಾರ ಸಂಜೆ ಫೋನಿನಲ್ಲಿ.